ಅಪ್ಪನ ಸ್ವಭಾವ ಬದಲಾಯಿತಾ, ಮೆದುಳು ಬದಲಾಯಿತಾ?

ನೀಲಿಕೊಡೆ

ಎಲ್ಲರಿಗೂ ನಮಸ್ಕಾರ. ಬರಹ ಸ್ವಲ್ಪ ಉದ್ದ ಇದೆ, ದಯವಿಟ್ಟು ಕೊನೆವರೆಗೂ ಓದಿ.

ನಮ್ಮ ಅಪ್ಪನಿಗೆ 58 ವರ್ಷ. ಜೀವಮಾನವಿಡೀ ಲೆಕ್ಕಪತ್ರ ನೋಡಿಕೊಂಡವರು. ಮಾತು ಕಡಿಮೆ, ಆದರೆ ಯಾರಿಗೂ ಒಂದು ಕೆಟ್ಟ ಮಾತು ಆಡಿದವರಲ್ಲ. ಚಿಕ್ಕವಳಿದ್ದಾಗ ನನಗೆ ಜ್ವರ ಬಂದರೆ ರಾತ್ರಿ ಎರಡೆರಡು ಸಲ ಎದ್ದು ಬಂದು ಹಣೆ ಮುಟ್ಟಿ ನೋಡುತ್ತಿದ್ದರು.

ಎರಡು ವರ್ಷದಿಂದ ಆ ಅಪ್ಪ ಕಾಣುತ್ತಿಲ್ಲ. ಮೊದಮೊದಲು ಕರೆದರೆ ಓಗೊಡುತ್ತಿರಲಿಲ್ಲ. ಪೇಪರ್ ಓದುವುದು ಬಿಟ್ಟರು. ಕೆಲಸ ಬಿಟ್ಟ ಬೇಜಾರು ಇರಬೇಕು, ಸರಿಹೋಗುತ್ತೆ ಅಂತ ಅಮ್ಮ ಅಂದುಕೊಂಡರು. ಆಮೇಲೆ ಸಿಹಿಯ ಹುಚ್ಚು ಹಿಡಿಯಿತು. ಸಕ್ಕರೆ ಡಬ್ಬಿ ತೆಗೆದು ಚಮಚ ಚಮಚ ಬಾಯಿಗೆ ಹಾಕಿಕೊಳ್ಳುತ್ತಾರೆ. ಲಿಫ್ಟ್‌ನಲ್ಲಿ ಪರಿಚಯವೇ ಇಲ್ಲದ ಹೆಂಗಸಿಗೆ "ಎಷ್ಟು ದಪ್ಪ ಇದ್ದೀರಿ" ಅಂದರು. ಅಮ್ಮನ ಕೈ ಸುಟ್ಟು ಬೊಬ್ಬೆ ಎದ್ದಾಗ ಒಮ್ಮೆ ನೋಡಿ, ಮತ್ತೆ ಟಿವಿ ಕಡೆ ತಿರುಗಿದರು.

ಹೋದ ತಿಂಗಳು ಅವರ ಮೂವತ್ತು ವರ್ಷದ ಗೆಳೆಯರು ತೀರಿಕೊಂಡರು. ಅವರ ಮನೆಗೆ ಹೋದೆವು. ಗೆಳೆಯರ ಹೆಂಡತಿ ಅಪ್ಪನನ್ನು ನೋಡಿದ ಕೂಡಲೇ ಬಿಕ್ಕಿ ಬಿಕ್ಕಿ ಅಳಲು ಶುರು ಮಾಡಿದರು. ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ಐದು ನಿಮಿಷ ಆದ ಮೇಲೆ ಆ ಅಮ್ಮನನ್ನೇ ಕೇಳಿದರು, "ಟಿವಿ ರಿಮೋಟ್ ಎಲ್ಲಿದೆ?" ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು ನನಗೆ.

ನನ್ನ ತಮ್ಮ, ಅಪ್ಪನ ಜೊತೆ ಮಾತು ಬಿಟ್ಟು ಎಂಟು ತಿಂಗಳಾಯಿತು. "ಅಪ್ಪ ಒಳಗೆ ಇದ್ದದ್ದೇ ಹೀಗೆ, ಈಗ ಹೊರಗೆ ಬಂದಿದೆ ಅಷ್ಟೆ" ಅನ್ನುತ್ತಾನೆ. ಒಬ್ಬ ಡಾಕ್ಟರ್ ಖಿನ್ನತೆ ಅಂತ ಮಾತ್ರೆ ಕೊಟ್ಟರು. ಆರು ತಿಂಗಳು ತಗೊಂಡರೂ ಏನೂ ಬದಲಾಗಲಿಲ್ಲ. ನೆನಪಿನ ಪರೀಕ್ಷೆಯನ್ನೂ ಮಾಡಿದರು. ಅಪ್ಪ ತಾರೀಖು, ವಾರ ಎಲ್ಲ ಸರಿಯಾಗಿ ಹೇಳಿದರು. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಅಂದರೆ ನನಗಿಂತ ಬೇಗ ಹೇಳಿ ಮುಗಿಸಿದರು. "ಡಿಮೆನ್ಷಿಯಾ ಅಲ್ಲ" ಅಂತ ಕಳಿಸಿಬಿಟ್ಟರು.

ಇದು ಅಪ್ಪನ ಸ್ವಭಾವವಾ? ಮನಸ್ಸಿನ ಕಾಯಿಲೆಯಾ? ಮೆದುಳಿನ ಕಾಯಿಲೆಯಾ? ಅಥವಾ ಈ ಮೂರೂ ಬೇರೆ ಬೇರೆ ಅಂದುಕೊಳ್ಳುವುದೇ ತಪ್ಪಾ?

ಹಳೆಯ_ಗಡಿಯಾರ

ಓದಿ ಸಂಕಟ ಆಯಿತು ತಂಗಿ. ನಿಮ್ಮ ಪ್ರಶ್ನೆ ನೋಡಿದ ತಕ್ಷಣ ಫಿನಿಯಾಸ್ ಗೇಜ್ ನೆನಪಾದ. 1848ರ ಸೆಪ್ಟೆಂಬರ್ 13. ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ಹಳಿ ಹಾಕಲು ಬಂಡೆ ಒಡೆಸುವ ಕೆಲಸ. ಗೇಜ್ ಅಲ್ಲಿನ ಮೇಸ್ತ್ರಿ, ವಯಸ್ಸು 25. ಮದ್ದು ತುಂಬುವಾಗ ಸಿಡಿದು, ಒಂದು ಮೀಟರ್‌ಗೂ ಉದ್ದದ, ಸುಮಾರು ಆರು ಕೆಜಿ ತೂಕದ ಕಬ್ಬಿಣದ ಹಾರೆ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಗೆ ಹೋಯಿತು. ಮನುಷ್ಯ ಸಾಯಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಮಾತಾಡಿದ. ಆದರೆ ಗುಣ ಆದ ಮೇಲೆ ಹಳೆಯ ಗೇಜ್ ಇರಲಿಲ್ಲ. ಶಿಸ್ತಿನ ಮೇಸ್ತ್ರಿ ಬಾಯಿಗೆ ಬಂದಂತೆ ಬಯ್ಯುವವನಾದ. ಹಿಡಿದ ಕೆಲಸ ಮುಗಿಸದವನಾದ. "ಇವನು ನಮ್ಮ ಗೇಜ್ ಅಲ್ಲ" ಅಂದರಂತೆ ಗೆಳೆಯರು. ಕೊನೆವರೆಗೂ ಹಾಗೇ ಅಲೆದು ಹಾಳಾದ.

ಹಣೆಯ ಹಿಂದಿನ ಮೆದುಳು ಕೆಟ್ಟರೆ ಮನುಷ್ಯನೇ ಬದಲಾಗುತ್ತಾನೆ ಅಂತ ಜಗತ್ತಿಗೆ ಗೊತ್ತಾಗಿದ್ದು ಹೀಗೆ. ನಿಮ್ಮ ಅಪ್ಪನ ತಲೆ ಸ್ಕ್ಯಾನ್ ಆಗಿದೆಯಾ?

ಓದುಗ_11

@ಹಳೆಯ_ಗಡಿಯಾರ, ಮೊದಲ ಭಾಗ ಸರಿ ಇದೆ ಅಣ್ಣ. ಕೊನೆಯ ಸಾಲು ಪೂರ್ತಿ ನಿಜ ಅಲ್ಲ. ಗೇಜ್ ಹಾಳಾಗಿ ಅಲೆಯಲಿಲ್ಲ. 1852ರಲ್ಲಿ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿದ. ಬೆಳಗ್ಗೆ ಬೇಗ ಎದ್ದು ಕುದುರೆ ಸಿದ್ಧ ಮಾಡಬೇಕು, ಪ್ರಯಾಣಿಕರ ಜೊತೆ ಸರಿಯಾಗಿ ನಡೆದುಕೊಳ್ಳಬೇಕು, ಹಲವು ಕುದುರೆಗಳ ಲಗಾಮು ಒಟ್ಟಿಗೆ ಹಿಡಿಯಬೇಕು. ತಲೆ ಪೂರ್ತಿ ಕೆಟ್ಟವನಿಗೆ ಆಗುವ ಕೆಲಸ ಅಲ್ಲ ಅದು. 1860ರಲ್ಲಿ ಫಿಟ್ಸ್ ಬಂದು ತೀರಿಕೊಂಡ. ದಿನಾ ಒಂದೇ ಥರದ ಕೆಲಸ, ಒಂದೇ ವೇಳಾಪಟ್ಟಿ ಇದ್ದದ್ದರಿಂದ ಅವನ ನಡವಳಿಕೆ ತುಂಬಾ ಸುಧಾರಿಸಿರಬೇಕು ಅಂತ ಈಗ ಹಲವರು ಹೇಳುತ್ತಾರೆ. ಪಾಠಗಳಲ್ಲಿ ಏಟು ಬಿದ್ದ ಕಥೆ ಮಾತ್ರ ಬರುತ್ತದೆ. ಚಿಲಿಯ ವರ್ಷಗಳನ್ನು ಬಿಟ್ಟುಬಿಡುತ್ತಾರೆ, ಅದು ನನಗೆ ಬೇಜಾರು.

ಹಳೆಯ_ಗಡಿಯಾರ

ಇದು ಗೊತ್ತಿರಲಿಲ್ಲ. ತಿದ್ದಿದ್ದಕ್ಕೆ ಥ್ಯಾಂಕ್ಸ್.

ವಾರ್ಡ್_ದೀಪ

ನಾನು 26 ವರ್ಷ ಮನೋರೋಗ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ನೀಲಿಕೊಡೆಯವರೇ, ಬೇರೆ ಮಾತಿಗೆ ಮೊದಲು ಒಂದು ಕೇಳಲಾ? ಬದಲಾವಣೆ ಎಷ್ಟು ದಿನದಲ್ಲಿ ಬಂತು? ನಮ್ಮ ವಾರ್ಡಿನಲ್ಲಿ ಹೊಸಬರಿಗೆ ಮೊದಲು ಕಲಿಸುತ್ತಿದ್ದದ್ದು ಇದನ್ನೇ. ಗಂಟೆಗಳಲ್ಲಿ ಬಂತಾ, ವಾರಗಳಲ್ಲಾ, ವರ್ಷಗಳಲ್ಲಾ?

ವಯಸ್ಸಾದವರು ನಿನ್ನೆ ಚೆನ್ನಾಗಿದ್ದು ಇವತ್ತು ಇಲ್ಲದ್ದನ್ನು ನೋಡುತ್ತಿದ್ದಾರೆ, ಗೊಂದಲದಲ್ಲಿದ್ದಾರೆ, ಮಧ್ಯಾಹ್ನ ಸರಿ ಇದ್ದು ರಾತ್ರಿ ಜಾಸ್ತಿ ಆಗುತ್ತಿದೆ ಅಂದರೆ ಅದನ್ನು "ಹುಚ್ಚು" ಅಂದುಕೊಳ್ಳಬೇಡಿ. ಮೂತ್ರದ ಸೋಂಕು ಇರಬಹುದು, ಸೋಡಿಯಂ ಇಳಿದಿರಬಹುದು, ಹೊಸದಾಗಿ ಶುರು ಮಾಡಿದ ಮಾತ್ರೆ ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ವಾರಗಳಲ್ಲಿ ಬಂದರೆ ಥೈರಾಯ್ಡ್ ನೋಡಬೇಕು, ಬಿ12 ನೋಡಬೇಕು. ಒಂದು ತಿಂಗಳ ಹಿಂದೆ ಜಾರಿ ಬಿದ್ದಿದ್ದರಾ ಅಂತ ಕೇಳಬೇಕು. ಸಣ್ಣ ಏಟಿಗೂ ತಲೆಬುರುಡೆಯ ಒಳಗೆ ನಿಧಾನವಾಗಿ ರಕ್ತ ಸೇರಿಕೊಳ್ಳಬಹುದು.

ನಾನು ಮರೆಯದ ಒಂದು ಹುಡುಗಿ. 22 ವರ್ಷ. ಹತ್ತು ದಿನದಲ್ಲಿ ಹೆತ್ತ ತಾಯಿಯನ್ನೇ ಅನುಮಾನಿಸಲು ಶುರು ಮಾಡಿದ್ದಳು. ಕಿರುಚುವುದು, ನಿದ್ದೆ ಇಲ್ಲ. ಮನೋರೋಗ ಅಂತಲೇ ನಮ್ಮಲ್ಲಿಗೆ ಬಂದಳು. ಮೂರನೇ ರಾತ್ರಿ ನನ್ನ ಪಾಳಿ. ಅವಳು ಸುಮ್ಮನೆ ಮಲಗಿದ್ದಾಗಲೂ ತುಟಿ, ನಾಲಿಗೆ ಏನನ್ನೋ ಅಗಿಯುವ ಹಾಗೆ ಆಡುತ್ತಲೇ ಇತ್ತು. ಬೆಳಗಿನ ಜಾವ ಫಿಟ್ಸ್ ಬಂತು. ಡ್ಯೂಟಿ ಡಾಕ್ಟರಿಗೆ ಹೇಳಿದೆ. ಬೆನ್ನುಹುರಿ ನೀರಿನ ಪರೀಕ್ಷೆ ಆಯಿತು. ದೇಹದ ರಕ್ಷಣಾ ವ್ಯವಸ್ಥೆಯೇ ಅವಳ ಮೆದುಳಿನ ಎನ್‌ಎಮ್‌ಡಿಎ ಗ್ರಾಹಕಗಳ ಮೇಲೆ, ಅಂದರೆ ನರಕೋಶಗಳು ಸಂದೇಶ ಹಿಡಿಯುವ ಜಾಗಗಳ ಮೇಲೆ ಬಿದ್ದಿತ್ತು. ಅಂಡಾಶಯದಲ್ಲಿ ಒಂದು ಗಡ್ಡೆ ಇತ್ತು, ಎಲ್ಲ ಶುರುವಾದದ್ದು ಅಲ್ಲಿಂದ. ಗಡ್ಡೆ ತೆಗೆದರು, ಬೇರೆ ಚಿಕಿತ್ಸೆ ಕೊಟ್ಟರು. ತಿಂಗಳುಗಳು ಹಿಡಿದವು. ಆಮೇಲೆ ಒಂದು ದಿನ ವಾರ್ಡಿಗೆ ತಾನೇ ನಡೆದು ಬಂದಳು. ಅಲ್ಲಿ ಕಳೆದ ದಿನಗಳಲ್ಲಿ ಒಂದೂ ಅವಳಿಗೆ ನೆನಪಿರಲಿಲ್ಲ.

ಆ ಕಾಯಿಲೆಗೆ ಡಾಲ್ಮೌ ಎಂಬ ವೈದ್ಯರ ತಂಡ ಹೆಸರು ಕೊಟ್ಟಿದ್ದು 2007ರಲ್ಲಿ. ಅದಕ್ಕೆ ಮೊದಲು ಇಂಥ ಎಷ್ಟು ಹುಡುಗಿಯರು ಹುಚ್ಚಿಯರು ಅನ್ನಿಸಿಕೊಂಡು ಹೋದರೋ, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಿಮ್ಮ ಅಪ್ಪನದು ಎರಡು ವರ್ಷದಿಂದ ನಿಧಾನವಾಗಿ ಬಂದದ್ದು. ಅದರ ದಾರಿ ಬೇರೆ. ಆದರೂ ರಕ್ತ ಪರೀಕ್ಷೆಗಳನ್ನು ಬಿಡಬೇಡಿ.

ನರತಂತು

ನಾನು ನರರೋಗ ವಿಭಾಗದ ವೈದ್ಯ. ನೋಡದೆ ಇಂಥದ್ದೇ ರೋಗ ಅಂತ ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ಆದರೆ ನೀವು ಬರೆದದ್ದನ್ನು ಓದಿದ ಯಾವ ನರವೈದ್ಯರಿಗೂ ಒಂದು ಹೆಸರು ನೆನಪಾಗಿಯೇ ಆಗುತ್ತದೆ. ಫ್ರಂಟೋಟೆಂಪೊರಲ್ ಡಿಮೆನ್ಷಿಯಾ. ಚಿಕ್ಕದಾಗಿ ಎಫ್‌ಟಿಡಿ. ಪ್ರಾಗ್‌ನ ಆರ್ನಾಲ್ಡ್ ಪಿಕ್ 1892ರಲ್ಲಿ ಇಂಥ ರೋಗಿಯ ಬಗ್ಗೆ ಬರೆದರು. ಬಹಳ ಕಾಲ ಇದಕ್ಕೆ ಪಿಕ್ ರೋಗ ಅಂತಲೇ ಹೆಸರಿತ್ತು.

ಡಿಮೆನ್ಷಿಯಾ ಅಂದ ಕೂಡಲೇ ನಾವೆಲ್ಲ ಮರೆವು ಅಂದುಕೊಳ್ಳುತ್ತೇವೆ. ಆಲ್‌ಝೈಮರ್ ರೋಗದಲ್ಲಿ ಸಾಮಾನ್ಯವಾಗಿ ಮೊದಲು ಏಟು ಬೀಳುವುದು ಹೊಸ ನೆನಪು ಕಟ್ಟುವ ಜಾಗಕ್ಕೆ, ಅದಕ್ಕೇ ಅಲ್ಲಿ ಮರೆವು ಮೊದಲು. ಎಫ್‌ಟಿಡಿಯಲ್ಲಿ ಮೊದಲು ಕುಗ್ಗುವುದು ಹಣೆಯ ಹಿಂದಿನ ಭಾಗ ಮತ್ತು ಕಣತಲೆಯ ಒಳಗಿರುವ ಮೆದುಳಿನ ಮುಂಭಾಗ. ಅಲ್ಲಿನ ಮುಖ್ಯ ಕೆಲಸ ಹೊಸ ನೆನಪು ಕಟ್ಟುವುದಲ್ಲ, ಲೆಕ್ಕವೂ ಅಲ್ಲ. ಅಲ್ಲಿ ಮುಖ್ಯವಾಗಿ ಇರುವುದು ನಡತೆ. ಅದಕ್ಕೇ ನಿಮ್ಮ ಅಪ್ಪ ನೂರರಿಂದ ಏಳು ಕಳೆಯುವುದರಲ್ಲಿ ಗೆದ್ದರು. ಆ ಪರೀಕ್ಷೆ ಕೆಟ್ಟ ಜಾಗವನ್ನು ಮುಟ್ಟಲೇ ಇಲ್ಲ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಣ್ಣಿನ ಗೂಡಿನ ಮೇಲೆ ಕೂತಿರುವ ಮೆದುಳಿನ ಭಾಗ ಬ್ರೇಕ್ ಇದ್ದ ಹಾಗೆ. ಲಿಫ್ಟ್‌ನಲ್ಲಿ ದಪ್ಪಗಿರುವವರನ್ನು ನೋಡಿದಾಗ "ದಪ್ಪ" ಅನ್ನುವ ಯೋಚನೆ ನನಗೂ ಬರುತ್ತದೆ, ನಿಮಗೂ ಬರುತ್ತದೆ. ಬಾಯಿಗೆ ಬರುವ ಮೊದಲು ಅದನ್ನು ತಡೆಯುವುದು ಆ ಭಾಗ. ಅದಕ್ಕಿಂತ ಒಳಗೆ, ಮೆದುಳಿನ ಎಡ ಬಲ ಅರೆಗಳ ನಡುವೆ ಮುಂಭಾಗದಲ್ಲಿ ಇರುವುದು ಎದ್ದು ಕೆಲಸಕ್ಕೆ ಹೊರಡಿಸುವ ಭಾಗ. ಅದು ಸೊರಗಿದರೆ ಮನುಷ್ಯ ಸುಮ್ನೆ ಕೂತುಬಿಡುತ್ತಾನೆ. ಮನೆಯವರು ಸೋಮಾರಿ ಅನ್ನುತ್ತಾರೆ, ವೈದ್ಯರು ಖಿನ್ನತೆ ಅನ್ನುತ್ತಾರೆ. ಆದರೆ ಖಿನ್ನತೆ ಇರುವವರಿಗೆ ಒಳಗೆ ನೋವು ಇರುತ್ತದೆ. ಇವರಿಗೆ ಸಾಮಾನ್ಯವಾಗಿ ಅದು ಇರುವುದಿಲ್ಲ. ಇನ್ನು ಬಲಗಡೆಯ ಕಣತಲೆಯ ಒಳಗಿರುವ ಮೆದುಳಿನ ಮುಂತುದಿ. ಎದುರಿನವರ ಮುಖದಲ್ಲಿರುವ ದುಃಖ ನಮ್ಮ ಎದೆಗೆ ತಟ್ಟಲು ಅದು ಬೇಕು. ನಿಮ್ಮ ಅಪ್ಪ ಆ ಅಮ್ಮನ ಕಣ್ಣೀರು ನೋಡಿದ್ದಾರೆ. ಅಳುತ್ತಿದ್ದಾರೆ ಅಂತ ಗೊತ್ತೂ ಆಗಿದೆ. ತಟ್ಟಿಲ್ಲ.

ಹಣೆಯ ಹಿಂದಿನ ಮೆದುಳಿನ ಕೆಲವು ಕಡೆ ವಾನ್ ಎಕಾನಮೋ ನರಕೋಶ ಅಂತ ಒಂದು ವಿಶೇಷ ಕೋಶ ಇದೆ. ದೊಡ್ಡದು, ಕದಿರಿನ ಆಕಾರದ್ದು. ಮನುಷ್ಯ, ದೊಡ್ಡ ವಾನರ, ಆನೆ, ತಿಮಿಂಗಿಲ ಹೀಗೆ ಗುಂಪಿನಲ್ಲಿ ಬಾಳುವ ಕೆಲವು ಪ್ರಾಣಿಗಳಲ್ಲಿ ಕಂಡುಬಂದಿದೆ. ಎಫ್‌ಟಿಡಿಯಲ್ಲಿ ಇವು ಬಹಳ ಬೇಗ ನಾಶ ಆಗುತ್ತವೆ ಅಂತ 2006ರಲ್ಲಿ ಗೊತ್ತಾಯಿತು.

ಎಮ್‌ಆರ್‌ಐ ಮಾಡಿಸಿ. ಶುರುವಿನ ಹಂತದಲ್ಲಿ ಅದು ಸರಿ ಇದೆ ಅಂತಲೇ ಬರಬಹುದು, ಆಗ ಮೆದುಳಿನ ಯಾವ ಭಾಗ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಪೆಟ್ ಸ್ಕ್ಯಾನ್ ಬೇಕಾಗುತ್ತದೆ. ಡಾಕ್ಟರ ಹತ್ತಿರ ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. "ಮೊದಲು ಅಪ್ಪ ಹೀಗಿದ್ದರು, ಈಗ ಹೀಗೆ" ಅಂತ. ಹಣೆ ಮುಟ್ಟಿ ನೋಡುತ್ತಿದ್ದದ್ದು, ರಿಮೋಟ್ ಕೇಳಿದ್ದು, ಎರಡನ್ನೂ ಬರೆಯಿರಿ. ಈ ಕಾಯಿಲೆಯಲ್ಲಿ ರೋಗಿಗೆ ತಾನು ಬದಲಾಗಿದ್ದು ಗೊತ್ತಾಗುವುದಿಲ್ಲ. ಮನೆಯವರ ಮಾತೇ ದೊಡ್ಡ ಪರೀಕ್ಷೆ.

ನೀಲಿಕೊಡೆ

ಬ್ರೇಕ್ ಅಂದಿರಲ್ಲ, ಅದನ್ನು ಓದಿ ಅಮ್ಮನಿಗೂ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ, ಒಳಗೆ ಹೋದರು. ಮುಂದಿನ ವಾರಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ.

ಒಂದು ಸಂದೇಹ. ಯಾಕೆ ಹಾಗೆ ಮಾಡಿದಿರಿ ಅಂತ ಕೇಳಿದರೆ ಅಪ್ಪ ತಕ್ಷಣ ಕಾರಣ ಕೊಡುತ್ತಾರೆ. "ಆ ಮನೆಯಲ್ಲಿ ಗಲಾಟೆ ಜಾಸ್ತಿ ಇತ್ತು, ಟಿವಿ ಹಾಕಿದರೆ ಸಮಾಧಾನ ಆಗುತ್ತಿತ್ತು" ಅಂದರು. ಕಾರಣ ಕೊಡುತ್ತಾರೆ ಅಂದರೆ ಬೇಕಂತಲೇ ಮಾಡಿದ್ದು ಅಲ್ವಾ ಅನ್ನುತ್ತಾನೆ ತಮ್ಮ.

ಓದುಗ_11

ಕಾರಣ ಹೇಳುವುದಕ್ಕೂ, ಆ ಕಾರಣಕ್ಕೇ ಮಾಡುವುದಕ್ಕೂ ಮೆದುಳಿನಲ್ಲಿ ಬಹಳ ದೂರ.

ತೀವ್ರ ಫಿಟ್ಸ್ ಇದ್ದ ಕೆಲವರಿಗೆ ಮೆದುಳಿನ ಎಡ ಬಲ ಅರೆಗಳ ನಡುವಿನ ನರಗಳ ಸೇತುವೆಯನ್ನು ಕತ್ತರಿಸುತ್ತಿದ್ದರು. ರೋಜರ್ ಸ್ಪೆರಿಗೆ ಇಂಥವರ ಅಧ್ಯಯನಕ್ಕೆ 1981ರಲ್ಲಿ ನೊಬೆಲ್ ಬಂತು. ಅವರ ಶಿಷ್ಯ ಗಜಾನಿಗ ಒಬ್ಬ ರೋಗಿಯ ಎಡ ಅರೆಗೆ ಮಾತ್ರ ಕಾಣುವ ಹಾಗೆ ಕೋಳಿ ಕಾಲಿನ ಚಿತ್ರ ತೋರಿಸಿದರು. ಬಲ ಅರೆಗೆ ಹಿಮ ಬಿದ್ದ ದೃಶ್ಯ. ಮುಂದಿಟ್ಟ ಚಿತ್ರಗಳಲ್ಲಿ ಹೊಂದುವುದನ್ನು ತೋರಿಸು ಅಂದಾಗ ಬಲಗೈ ಕೋಳಿಯನ್ನು ತೋರಿಸಿತು, ಎಡಗೈ ಹಿಮ ಎತ್ತುವ ಸಲಿಕೆಯನ್ನು ತೋರಿಸಿತು. ಎಡಗೈಯನ್ನು ನಡೆಸುವುದು ಬಲ ಅರೆ, ಅದು ಹಿಮ ನೋಡಿದೆ, ಸರಿ. ಆದರೆ ಮಾತಾಡುವುದು ಎಡ ಅರೆ, ಅದು ಹಿಮ ನೋಡೇ ಇಲ್ಲ. ಸಲಿಕೆ ಯಾಕೆ ಅಂತ ಕೇಳಿದರೆ ಗೊತ್ತಿಲ್ಲ ಅನ್ನಬೇಕಿತ್ತು. ಅವನು ತಡವರಿಸದೆ ಹೇಳಿದ್ದು, ಕೋಳಿ ಗೂಡು ಸ್ವಚ್ಛ ಮಾಡಲು ಸಲಿಕೆ ಬೇಕಲ್ಲ ಅಂತ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನೂ ಅದನ್ನೇ ನಂಬಿದ್ದ.

ನಿಮ್ಮ ಅಪ್ಪ ಕಾರಣ ಕೊಡುತ್ತಾರೆ ಅನ್ನುವುದಷ್ಟೇ ಸಾಕ್ಷಿ ಅಲ್ಲ. ನಿಮ್ಮ ತಮ್ಮನಿಗೆ ಇದನ್ನು ತೋರಿಸಿ.

ಬೇಸಿಗೆಮಳೆ

ನಾಲ್ಕು ವರ್ಷ ಯಾರಿಗೂ ಹೇಳಿಕೊಳ್ಳದ ವಿಷಯ, ಇವತ್ತು ಇಲ್ಲಿ ಬರೆಯುತ್ತೇನೆ.

ನನ್ನ ಗಂಡನಿಗೆ ಪಾರ್ಕಿನ್ಸನ್. ಕೈ ನಡುಕಕ್ಕೆ ಪ್ರಮಿಪೆಕ್ಸೋಲ್ ಅನ್ನುವ ಮಾತ್ರೆ ಶುರುವಾಯಿತು. ನಡುಕ ಕಡಿಮೆಯಾಯಿತು, ಖುಷಿಯಾದೆವು. ಕೆಲವು ತಿಂಗಳ ನಂತರ ರಾತ್ರಿ ಮೂರು ಗಂಟೆಗೆ ಎಚ್ಚರ ಆಯಿತು. ಹೊದಿಕೆಯ ಒಳಗೆ ಬೆಳಕು. ಫೋನಿನಲ್ಲಿ ಜೂಜು ಆಡುತ್ತಿದ್ದರು. ಬದುಕಿನಲ್ಲಿ ಒಂದು ಲಾಟರಿ ಚೀಟಿ ಮುಟ್ಟದ ಮನುಷ್ಯ. ನಾನು ಹೊದಿಕೆ ಎಳೆದರೂ ತಲೆ ಎತ್ತಲಿಲ್ಲ, ಬೆರಳು ನಿಲ್ಲಲಿಲ್ಲ. ಅಷ್ಟರಲ್ಲಿ ಉಳಿತಾಯ ಬಹುಪಾಲು ಹೋಗಿತ್ತು. ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅವರು ಅಳುತ್ತಾ ಕ್ಷಮೆ ಕೇಳುತ್ತಿದ್ದರು, ಮರುರಾತ್ರಿ ಮತ್ತೆ ಆಡುತ್ತಿದ್ದರು.

ಬೇರೆ ಡಾಕ್ಟರ್ ಒಬ್ಬರು ಮಾತ್ರೆಯ ಹೆಸರು ನೋಡಿದ ತಕ್ಷಣ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು, "ಇತ್ತೀಚೆಗೆ ಇವರಿಗೆ ಜೂಜು, ಖರೀದಿ, ತಿನ್ನುವುದು, ಏನಾದರೂ ಜಾಸ್ತಿ ಆಗಿದೆಯಾ?" ನನಗೆ ಕಾಲು ಕುಸಿಯಿತು. ಮಾತ್ರೆಯನ್ನು ನಿಧಾನವಾಗಿ ಇಳಿಸಿ ಬೇರೆ ಕೊಟ್ಟರು. ಎರಡು ತಿಂಗಳಲ್ಲಿ ಆ ಆಸೆಯೇ ಹೋಯಿತು. ಅವರೇ ಹೇಳಿದ್ದು, "ಯಾರೋ ಒಳಗೆ ರೇಡಿಯೋ ಆಫ್ ಮಾಡಿದ ಹಾಗಾಯ್ತು" ಅಂತ.

ದುಡ್ಡು ಹೋದದ್ದಕ್ಕಿಂತ ನಾನು ಆಡಿದ ಮಾತು ನನ್ನನ್ನು ಸುಡುತ್ತದೆ.

ನರತಂತು

@ಬೇಸಿಗೆಮಳೆ, ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್ ಮೇಡಂ. ಮಾತ್ರೆ ಕೊಡುವ ದಿನವೇ ಮನೆಯವರಿಗೆ ಈ ಎಚ್ಚರಿಕೆ ಹೇಳಬೇಕಿತ್ತು. ಅದು ವೈದ್ಯರ ಕೆಲಸ, ನಿಮ್ಮ ತಪ್ಪಲ್ಲ. 2010ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 3,090 ಪಾರ್ಕಿನ್ಸನ್ ರೋಗಿಗಳನ್ನು ನೋಡಿದಾಗ 13.6% ಜನರಲ್ಲಿ ಜೂಜು, ಕಾಮ, ಖರೀದಿ, ತಿನ್ನುವುದು ಇವುಗಳಲ್ಲಿ ಒಂದಾದರೂ ಹಿಡಿತ ತಪ್ಪಿತ್ತು. ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಹಾಗೆ ಕೆಲಸ ಮಾಡುವ ಈ ಗುಂಪಿನ ಮಾತ್ರೆ ತಗೊಳ್ಳುವವರಲ್ಲಿ ಜಾಸ್ತಿ.

ಡೋಪಮಿನ್ ಅಂದರೆ ಸುಖದ ರಾಸಾಯನಿಕ ಅಂತ ಎಲ್ಲ ಕಡೆ ಬರೆಯುತ್ತಾರೆ, ಅದು ಅರ್ಧ ಸತ್ಯ. ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳಲ್ಲಿ ನೋಡಿದ್ದು ಬೇರೆ. ನಿರೀಕ್ಷೆ ಇಲ್ಲದೆ ಹಣ್ಣಿನ ರಸ ಸಿಕ್ಕಾಗ ಡೋಪಮಿನ್ ಬಿಡುವ ನರಕೋಶಗಳು ಮಿಡಿದವು. ದೀಪ ಹತ್ತಿದ ಮೇಲೆ ರಸ ಬರುತ್ತದೆ ಅಂತ ಕೋತಿ ಕಲಿತ ಮೇಲೆ, ರಸಕ್ಕೆ ಮಿಡಿಯುವುದು ನಿಂತು ದೀಪಕ್ಕೇ ಮಿಡಿಯತೊಡಗಿದವು. "ಈಗ ಬರುತ್ತೆ, ಈಗ ಬರುತ್ತೆ" ಅನ್ನುವ ಸೆಳೆತ ಅದು. ಜೂಜು ನಿಂತಿರುವುದೇ ಆ ಸೆಳೆತದ ಮೇಲೆ. ಮಾತ್ರೆ ಅದನ್ನು ಹೊರಗಿನಿಂದ ಏರಿಸಿತು.

ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸಿದರೂ ತೊಂದರೆ ಆಗುತ್ತದೆ.

ಕಟ್ಟೆಮಾತು

ಎಲ್ಲರ ನೋವಿಗೂ ಗೌರವ ಇದೆ. ಆದರೂ ಒಂದು ಮಾತು ಕೇಳಲೇಬೇಕು. ಎಲ್ಲವೂ ಮೆದುಳೇ ಅಂದರೆ ತಪ್ಪು ಮಾಡಿದವರ ಹೊಣೆ ಏನಾಯಿತು? ನಾಳೆ ಹೆಂಡತಿಗೆ ಹೊಡೆಯುವವನೂ "ನನ್ನ ಬ್ರೇಕ್ ಸರಿ ಇಲ್ಲ" ಅಂತಾನೆ. ನನ್ನ ಅಕ್ಕ ಅಂಥವನ ಜೊತೆ ಹನ್ನೊಂದು ವರ್ಷ ಬಾಳಿದ್ದಾಳೆ. ಅವನ ಸ್ಕ್ಯಾನ್ ಮಾಡಿಸಬೇಕಿತ್ತಾ?

ನರತಂತು

ನಿಮ್ಮ ಅಕ್ಕನ ಬಗ್ಗೆ ಓದಿ ತುಂಬಾ ನೋವಾಯಿತು. ಪ್ರಶ್ನೆ ಸರಿಯಾಗಿದೆ, ಹಾರಿಸಿ ಉತ್ತರ ಕೊಡುವುದಿಲ್ಲ.

ನಮ್ಮ ಪ್ರತಿಯೊಂದು ನಡೆಯೂ ಮೆದುಳಿನಿಂದಲೇ ಬರುತ್ತದೆ, ಒಳ್ಳೆಯದೂ ಕೆಟ್ಟದ್ದೂ. ಹಾಗಾಗಿ "ಮೆದುಳಿನಿಂದ ಬಂತು" ಅನ್ನುವುದು ಕ್ಷಮೆ ಆಗಲಾರದು. ನಾನು ನೋಡುವುದು ಎರಡು. ಆ ಮನುಷ್ಯ ತನ್ನ ಹಿಂದಿನ ಬದುಕಿನಿಂದಲೇ ಬೇರೆ ಆದನಾ? ಮತ್ತೆ, ಆ ನಡೆ ಅವನಿಗೆ ಲಾಭ ನಷ್ಟ ನೋಡದೆ ಎಲ್ಲ ಕಡೆ ಬರುತ್ತದಾ? ಕಚೇರಿಯಲ್ಲಿ ಮೇಲಧಿಕಾರಿ ಎದುರು ಸಿಟ್ಟು ನುಂಗಿ, ಮನೆಗೆ ಬಂದು ಬಾಗಿಲು ಹಾಕಿಕೊಂಡು ಹೊಡೆಯುವವನ ಬ್ರೇಕ್ ಕೆಲಸ ಮಾಡುತ್ತಿದೆ. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಅಂತ ಅವನಿಗೆ ಚೆನ್ನಾಗಿ ಗೊತ್ತು. ಎಫ್‌ಟಿಡಿ ರೋಗಿ ಪೊಲೀಸರ ಎದುರೇ ಅಂಗಡಿಯಿಂದ ವಸ್ತು ಎತ್ತಿಕೊಳ್ಳುತ್ತಾನೆ.

ಕಾನೂನಿಗೆ ಇದು ಕಷ್ಟದ ಜಾಗ. 1843ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮ್ಯಾಕ್‌ನಾಟನ್ ನಿಯಮ ಕೇಳುವುದು, ಮಾಡುತ್ತಿರುವುದು ಏನು, ಅದು ತಪ್ಪು ಅಂತ ಅವನಿಗೆ ಗೊತ್ತಿತ್ತಾ ಅಂತ. ಎಫ್‌ಟಿಡಿ ರೋಗಿಯನ್ನು ಕೇಳಿದರೆ ಕದಿಯುವುದು ತಪ್ಪು ಅಂತ ಸರಿಯಾಗಿಯೇ ಹೇಳುತ್ತಾನೆ. ಗೊತ್ತಿರುವುದು ಬೇರೆ, ಗೊತ್ತಿರುವುದು ಕೈ ಹಿಡಿದು ತಡೆಯುವುದು ಬೇರೆ. ಹಳೆಯ ನಿಯಮದಲ್ಲಿ ಈ ಎರಡನೆಯದಕ್ಕೆ ಜಾಗ ಇಲ್ಲ.

ಸ್ಕ್ಯಾನ್ ಕೂಡ ತೀರ್ಪು ಕೊಡುವುದಿಲ್ಲ. 1966ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಗೋಪುರ ಹತ್ತಿ ಗುಂಡು ಹಾರಿಸಿದ ಚಾರ್ಲ್ಸ್ ವಿಟ್ಮನ್, ಸತ್ತ ಮೇಲೆ ತನ್ನ ಮೆದುಳನ್ನು ಪರೀಕ್ಷಿಸಿ ಅಂತ ಬರೆದಿಟ್ಟಿದ್ದ. ಗಡ್ಡೆ ಸಿಕ್ಕಿತು. ಆದರೂ ತಜ್ಞರ ಸಮಿತಿ ಹೇಳಿದ್ದು, ಅದರ ಪಾತ್ರ ಇದ್ದಿರಬಹುದು, ಖಚಿತವಾಗಿ ಹೇಳಲಾಗದು ಅಂತಲೇ. ಮೆದುಳಿನಲ್ಲಿ ಗಡ್ಡೆ ಇರುವ ಬಹುತೇಕ ಜನ ಯಾರಿಗೂ ಒಂದು ಏಟು ಹೊಡೆದವರಲ್ಲ.

ಕಟ್ಟೆಮಾತು

ಮೇಲಧಿಕಾರಿ ಎದುರು ಸಿಟ್ಟು ನುಂಗುವ ಮಾತು ಓದಿದೆ. ಅವನು ಸರಿಯಾಗಿ ಹಾಗೇ ಇದ್ದ. ಅಕ್ಕನಿಗೆ ಕಳಿಸುತ್ತೇನೆ.

ಮೂರನೇಬೀಗ

ಗೊತ್ತಿರುವುದು ಬೇರೆ, ತಡೆಯುವುದು ಬೇರೆ ಅಂದಿರಲ್ಲ ಡಾಕ್ಟ್ರೇ, ಅದು ನನ್ನ ದಿನನಿತ್ಯದ ಬದುಕು. ನನಗೆ ಒಸಿಡಿ, ಅಂದರೆ ಅದೇ ಯೋಚನೆ, ಅದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕಾಯಿಲೆ. ಹೊರಗೆ ಹೊರಟಾಗ ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲು ಇಳಿದು, ಮತ್ತೆ ಹತ್ತಿ, ಮತ್ತೆ ಎಳೆಯುತ್ತೇನೆ. ಬೀಗ ಬಿದ್ದಿದೆ ಅಂತ ನನಗೆ ಗೊತ್ತು. ಕಣ್ಣಿಗೆ ಕಾಣುತ್ತಿದೆ. ಕೈಗೆ ತಣ್ಣಗೆ ತಾಗುತ್ತಿದೆ. ಆದರೆ "ಆಯ್ತು, ಮುಗೀತು" ಅನ್ನುವ ಆ ಸಣ್ಣ ಅನುಭವ ಬರುವುದೇ ಇಲ್ಲ. ನಿಮಗೆಲ್ಲ ಅದು ಎಷ್ಟು ಸುಲಭವಾಗಿ ಬರುತ್ತದೆ ಅಂದರೆ, ಅಂಥದ್ದೊಂದು ಇದೆ ಅಂತಲೇ ನಿಮಗೆ ಗೊತ್ತಿರಲಾರದು.

ನನ್ನ ಥೆರಪಿಸ್ಟ್ ಹೇಳಿದ ಒಂದು ಸಂಗತಿ ನನ್ನನ್ನು ಎತ್ತಿ ನಿಲ್ಲಿಸಿತು. ಹಣೆಯ ಭಾಗಕ್ಕೂ ಮೆದುಳಿನ ಆಳದ ಕಾಡೇಟ್ ಎಂಬ ಭಾಗಕ್ಕೂ ನಡುವೆ ಸುತ್ತುವ ಒಂದು ಸರ್ಕ್ಯೂಟ್ ಒಸಿಡಿಯಲ್ಲಿ ಜಾಸ್ತಿ ಓಡುತ್ತಿರುತ್ತದೆ. 1992ರಲ್ಲಿ ಬ್ಯಾಕ್ಸ್ಟರ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಕೆಲವು ರೋಗಿಗಳಿಗೆ ಮಾತ್ರೆ ಕೊಟ್ಟರು, ಕೆಲವರಿಗೆ ಮಾತ್ರೆ ಇಲ್ಲದೆ ಬರೀ ವರ್ತನೆಯ ಚಿಕಿತ್ಸೆ ಕೊಟ್ಟರು. ಸುಮಾರು 10 ವಾರದ ನಂತರ ಸ್ಕ್ಯಾನ್ ಮಾಡಿದರೆ, ಗುಣ ಕಂಡವರಲ್ಲಿ ಎರಡೂ ಗುಂಪಿನಲ್ಲಿ ಕಾಡೇಟ್‌ನ ಅತಿ ಓಟ ಇಳಿದಿತ್ತು. ಮಾತ್ರೆ ಮುಟ್ಟದವರಲ್ಲೂ! ಕೈ ತೊಳೆಯದೆ ಕೂತು, ಬೀಗ ಎಳೆಯದೆ ನಡೆದು, ಆ ಕಳವಳವನ್ನು ತಡೆದುಕೊಂಡೇ ಅವರು ತಮ್ಮ ಮೆದುಳನ್ನು ಬದಲಾಯಿಸಿಕೊಂಡಿದ್ದರು.

ನಾನು ಈಗ ಒಂದೇ ಸಲ ಎಳೆದು ಇಳಿಯುತ್ತೇನೆ. ಹೆಚ್ಚಿನ ದಿನ. ಮೂರನೇ ಮೆಟ್ಟಿಲಲ್ಲಿ ಕಾಲು ಈಗಲೂ ಒಮ್ಮೆ ನಿಲ್ಲುತ್ತದೆ.

ಕಡಲಹಕ್ಕಿ

ಚರ್ಚೆ ಚೆನ್ನಾಗಿ ಹೋಗುತ್ತಿದೆ, ಆದರೆ "ಅಸಹಜ" ಅನ್ನುವ ಪದವನ್ನು ಸ್ವಲ್ಪ ಹುಷಾರಾಗಿ ಬಳಸೋಣ. 1851ರಲ್ಲಿ ಅಮೆರಿಕದ ಕಾರ್ಟ್‌ರೈಟ್ ಎಂಬ ವೈದ್ಯ, ಒಡೆಯನಿಂದ ತಪ್ಪಿಸಿಕೊಂಡು ಓಡುವ ಗುಲಾಮರಿಗೆ ಒಂದು ಮನೋರೋಗ ಇದೆ ಅಂತ ಹೇಳಿ ಅದಕ್ಕೆ ಹೆಸರೂ ಇಟ್ಟ. ಸಲಿಂಗ ಪ್ರೇಮವನ್ನು ಅಮೆರಿಕದ ಮನೋವೈದ್ಯರ ಸಂಘ ರೋಗಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ. ಅದರ ಹಿಂದಿನ ದಿನಕ್ಕೂ ಮರುದಿನಕ್ಕೂ ಯಾರ ಮೆದುಳೂ ಬದಲಾಗಲಿಲ್ಲ. ಮೆದುಳು ಬೇರೆ ಥರ ಇದೆ ಅನ್ನುವುದು ಒಂದು. ಅದು ರೋಗ ಅನ್ನುವುದು ಇನ್ನೊಂದು. ಎರಡನೆಯದನ್ನು ತೀರ್ಮಾನಿಸುವುದು ಜನ. ಆ ಮನುಷ್ಯನಿಗೆ ನೋವಿದೆಯಾ, ಬದುಕು ನಡೆಸಲು ಆಗುತ್ತಿದೆಯಾ, ಅವನಿಗೋ ಬೇರೆಯವರಿಗೋ ಅಪಾಯ ಇದೆಯಾ ಅಂತ ಮೊದಲು ಕೇಳಬೇಕು. ಎಲ್ಲರ ಹಾಗೆ ಇದ್ದಾನಾ ಅನ್ನುವುದು ಕೊನೆಯ ಪ್ರಶ್ನೆ.

ವಾರ್ಡ್_ದೀಪ

ನೂರಕ್ಕೆ ನೂರು ಒಪ್ಪುತ್ತೇನೆ. ವಾರ್ಡಿನ ಅನುಭವ ಹೇಳುವುದಾದರೆ, ಆ ಮನುಷ್ಯ ಅವನ ಹಾಗೇ ಇದ್ದಾನಾ ಅಂತ ನಾನು ಕೇಳುತ್ತಿದ್ದೆ. ಹುಟ್ಟಿನಿಂದ ಮೌನಿ ಆದವನು ಮೌನವಾಗಿದ್ದರೆ ಏನೂ ಇಲ್ಲ. ಮಾತುಗಾರ ಮೌನಿ ಆದರೆ ಹೆದರಬೇಕು. ಇದಕ್ಕೇ ಮನೆಯವರನ್ನು ಕೂರಿಸಿ ಹಳೆಯ ಕಥೆ ಕೇಳುತ್ತಿದ್ದದ್ದು.

ಮೆದುಳೇ ಕಾರಣ ಅಂತ ಅವಸರ ಮಾಡಿದ ಕಾಲವೂ ಇತ್ತು. ಪೋರ್ಚುಗಲ್‌ನ ವೈದ್ಯ ಮೋನಿಜ್ 1935ರಲ್ಲಿ ಮನೋರೋಗಿಗಳ ಹಣೆಯ ಭಾಗದ ನರಗಳನ್ನು ಕತ್ತರಿಸಲು ಶುರು ಮಾಡಿದರು, 1949ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ಗಲಾಟೆ ಮಾಡುತ್ತಿದ್ದವರು ಶಾಂತರಾದರು. ಶಾಂತರಾದರೋ, ಖಾಲಿಯಾದರೋ, ಕೇಳಿದವರು ಕಡಿಮೆ.

ನೀಲಿಕೊಡೆ

ಏಳು ವಾರದ ನಂತರ ಬರೆಯುತ್ತಿದ್ದೇನೆ. ರಕ್ತ ಪರೀಕ್ಷೆ ಎಲ್ಲ ಸರಿ ಇತ್ತು. ಎಮ್‌ಆರ್‌ಐಯಲ್ಲಿ ಹಣೆಯ ಹಿಂದೆ, ಬಲಗಡೆ ಜಾಸ್ತಿ, ಮೆದುಳು ಕುಗ್ಗಿದೆ. ಡಾಕ್ಟರ್ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಒಣಗಿದ ಹಣ್ಣಿನ ಸಿಪ್ಪೆಯ ಹಾಗೆ ಸುಕ್ಕು, ನಡುನಡುವೆ ಕಪ್ಪು ಜಾಗ. ಎಫ್‌ಟಿಡಿ. ತಡೆಯುವ ಔಷಧಿ ಇಲ್ಲ. ಆಲ್‌ಝೈಮರ್‌ಗೆ ಕೊಡುವ ಮಾತ್ರೆ ಇದಕ್ಕೆ ಆಗುವುದಿಲ್ಲ ಅಂದರು. ಚಡಪಡಿಕೆಗೆ ಒಂದು ಮಾತ್ರೆ ಕೊಟ್ಟಿದ್ದಾರೆ. ಬ್ಯಾಂಕ್ ಕಾರ್ಡ್, ಗಾಡಿ ಕೀಲಿ ಅಮ್ಮನ ಹತ್ತಿರ ಇವೆ. ನನಗೆ, ತಮ್ಮನಿಗೆ ಬರಬಹುದಾ ಅಂತಲೂ ಕೇಳಿದೆ. ಕೆಲವು ಮನೆತನಗಳಲ್ಲಿ ವಂಶವಾಹಿಯಿಂದ ಬರುತ್ತದೆ, ನಮ್ಮಲ್ಲಿ ಹಿಂದೆ ಯಾರಿಗೂ ಇದ್ದ ಹಾಗೆ ಕಾಣುವುದಿಲ್ಲ, ಬೇಕಾದರೆ ಮುಂದೆ ನೋಡೋಣ ಅಂದರು.

ಗೇಜ್ ಕುದುರೆ ಗಾಡಿ ಓಡಿಸಿದ್ದನ್ನು ನಾನು ಮರೆಯಲಿಲ್ಲ ಓದುಗ_11 ಅವರೇ. ಇದು ಬೇರೆ ಕಾಯಿಲೆ, ಗುಣ ಆಗುವುದಿಲ್ಲ, ಗೊತ್ತು. ಆದರೂ ಅಪ್ಪನಿಗೆ ಒಂದು ವೇಳಾಪಟ್ಟಿ ಮಾಡಿದ್ದೇವೆ. ಏಳಕ್ಕೆ ನಡಿಗೆ, ಅದೇ ದಾರಿ. ಹತ್ತಕ್ಕೆ ಹಳೆಯ ಲೆಕ್ಕದ ಪುಸ್ತಕ. ಅಂಕಿಗಳನ್ನು ಕೂಡಿಸಿ ಪುಟದ ಕೆಳಗೆ ಬರೆಯುತ್ತಾರೆ. ಒಂದೂ ತಪ್ಪಿಲ್ಲ. ಕೂಗಾಟ ಕಡಿಮೆಯಾಗಿದೆ.

ತಮ್ಮನಿಗೆ ಸ್ಕ್ಯಾನಿನ ಫೋಟೋ ಕಳಿಸಿದ್ದೆ. ಭಾನುವಾರ ಬಂದ. ಬಾಗಿಲಲ್ಲಿ ಅಪ್ಪ ಅವನನ್ನು ನೋಡಿ "ಗಾಡಿ ಎಲ್ಲಿ ನಿಲ್ಲಿಸಿದೆ?" ಅಂದರು, ಅಷ್ಟೆ. ಮೊದಲಾಗಿದ್ದರೆ ಅಲ್ಲಿಂದಲೇ ವಾಪಸ್ ಹೋಗುತ್ತಿದ್ದ. ಅಪ್ಪನ ಪಕ್ಕ ಕೂತು ಲೆಕ್ಕದ ಪುಸ್ತಕದ ಪುಟ ತಿರುಗಿಸಿಕೊಡುತ್ತಾ ಇದ್ದ.

ಒಂದು ತೊಂದರೆ ಇದೆ. ಊಟ ಮಾಡುವಾಗ ನುಂಗುವ ಮೊದಲೇ ಮತ್ತೆ ಬಾಯಿ ತುಂಬಿಕೊಳ್ಳುತ್ತಾರೆ. ಮೊನ್ನೆ ಉಸಿರು ಕಟ್ಟಿದ ಹಾಗಾಯಿತು. ಏನು ಮಾಡುವುದು?

ವಾರ್ಡ್_ದೀಪ

ಇದು ಈ ಕಾಯಿಲೆಯಲ್ಲಿ ಸಾಮಾನ್ಯ, ಆದರೆ ಹಗುರವಾಗಿ ತಗೊಳ್ಳಬೇಡಿ. ಪೂರ್ತಿ ತಟ್ಟೆ ಮುಂದೆ ಇಡಬೇಡಿ. ಸಣ್ಣ ಬಟ್ಟಲು, ಸಣ್ಣ ಚಮಚ, ಸ್ವಲ್ಪ ಸ್ವಲ್ಪ ಬಡಿಸಿ. ಬಾಯಿ ಖಾಲಿ ಆದದ್ದು ನೋಡಿ ಮುಂದಿನದು ಕೊಡಿ. ಗಟ್ಟಿ ಇರುವುದನ್ನು ಚಿಕ್ಕದಾಗಿ ಕತ್ತರಿಸಿ. ಉಳಿದದ್ದು ಕಣ್ಣಿಗೆ ಕಾಣದ ಹಾಗೆ ಇಡಿ, ಕಂಡರೆ ಕೈ ಹೋಗುತ್ತದೆ. ಊಟದ ಹೊತ್ತಿಗೆ ಟಿವಿ ಬೇಡ, ಯಾರಾದರೂ ಒಬ್ಬರು ಪಕ್ಕದಲ್ಲೇ ಕೂರಬೇಕು. ನುಂಗುವುದನ್ನು ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್ ಇರುತ್ತಾರೆ, ಈ ವಾರವೇ ತೋರಿಸಿ. ಉಸಿರು ಕಟ್ಟಿದರೆ ಏನು ಮಾಡಬೇಕು ಅಂತ ನೀವು, ಅಮ್ಮ, ತಮ್ಮ ಮೂವರೂ ಅಲ್ಲೇ ಕೇಳಿ ಕಲಿತುಕೊಳ್ಳಿ. ಅಮ್ಮನ ಕೈ ಬೊಬ್ಬೆ ವಾಸಿ ಆಯಿತಾ?